ಅಡಿಕೆ ತೋಟದಲ್ಲಿ ಎರಡು ಮಳೆಗಾಲ ಕಳೆದ ವಾಸ್ಪ್‌ಮೋಟ್

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಸೀಮೆಯಲ್ಲಿರುವ ನಮ್ಮ ಮೂರೆಕರೆ ಅಡಿಕೆ ತೋಟದಲ್ಲಿ ಐದು ವಾಸ್ಪ್‌ಮೋಟ್‌ಗಳು ಎರಡು ಮಳೆಗಾಲಗಳನ್ನು ಪೂರ್ತಿಯಾಗಿ ಕಳೆದಿವೆ. ವಾಸ್ಪ್‌ಮೋಟ್ ಎಂದರೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಎಲೆಕ್ಟ್ರಾನಿಕ್ ಫಲಕ. ಉಷ್ಣತೆ, ತೇವ, ಮಳೆ, ಎಲೆಯ ಮೇಲಿನ ನೀರು ಮುಂತಾದವನ್ನು ಅಳೆಯುವ ಸೆನ್ಸರ್‌ಗಳನ್ನು ಅದಕ್ಕೆ ಜೋಡಿಸಬಹುದು. ಅಳೆದ ಅಂಕಿಗಳನ್ನು ಅದು ತನ್ನ ರೇಡಿಯೋ ಮೂಲಕ ತಂತಿಯ ಹಂಗಿಲ್ಲದೆ ಮನೆಗೆ ಮುಟ್ಟಿಸುತ್ತದೆ. ಇದನ್ನು ರೂಪಿಸಿದ್ದು ಸ್ಪೇನ್ ದೇಶದ ಸರಗೋಸಾ ನಗರದ ಲಿಬೆಲಿಯಮ್ ಎಂಬ ಸಣ್ಣ ಕಂಪನಿ. ನಮಗೆ ಇವು ಹೊಸದಾಗಿ ಬಂದವಲ್ಲ. ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದವರು ತಮ್ಮ ಕೆಲಸ ಮುಗಿದ ಮೇಲೆ ವಿಲೇವಾರಿ ಮಾಡಿದ ಹಳೆಯ ಮಾದರಿಯ ಫಲಕಗಳನ್ನು ನನ್ನ ಅಣ್ಣನ ಮಗ ಕೊಂಡು ತಂದ. ಆದ್ದರಿಂದ ಈ ಬರಹ ಹಳೆಯ ಮಾದರಿಯೊಂದರ ಬಳಕೆಯ ಅನುಭವ ಎಂದೇ ಓದುಗರು ತಿಳಿಯಬೇಕು. ಹೊಸದಾಗಿ ಕೊಳ್ಳುವವರು ಈಗ ದೊರೆಯುವ ಮಾದರಿಯನ್ನೂ ಬೆಲೆಯನ್ನೂ ಮಾರಾಟಗಾರರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಮಗೆ ಈ ಸಾಧನ ಬೇಕಾದದ್ದು ಕೊಳೆರೋಗದ ಕಾರಣಕ್ಕೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲವಾದರೂ ಹೊರಗಿನವರಿಗಾಗಿ ಎರಡು ಮಾತು ಹೇಳುತ್ತೇನೆ. ಬಿಡದೆ ಸುರಿಯುವ ಮಳೆ, ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಇಳಿದ ಉಷ್ಣತೆ, ಗಾಳಿಯಲ್ಲಿ ತೊಂಬತ್ತು ಶೇಕಡಕ್ಕೂ ಮೀರಿದ ತೇವ, ನಡುನಡುವೆ ಇಣುಕುವ ಎಳೆಬಿಸಿಲು, ಇವು ಕೂಡಿದಾಗ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಎಳೆಗಾಯಿಗಳ ಮೇಲೆ ಬೆಳೆದು, ತೊಟ್ಟು ಕೊಳೆತು, ಕಡೆಗೆ ಕೊನೆಯೇ, ಅಂದರೆ ಅಡಿಕೆಯ ಗೊಂಚಲೇ, ಉದುರುತ್ತದೆ. ಅದಕ್ಕೆ ನಾವು ಹೊಡೆಯುವುದು ಶೇಕಡಾ ಒಂದರ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವುದಕ್ಕೆ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಗಳ ಮೇಲೆ. ಮೊದಲನೆಯದರಲ್ಲಿ ಗೊಂದಲವಿಲ್ಲ. ಎರಡನೆಯದು ಬಂದು ನಿಲ್ಲುವುದು ಪುನರ್ವಸು, ಪುಷ್ಯ ಮಳೆಗಳ ಮಧ್ಯದಲ್ಲಿ. ಆಗ ಮಳೆ ಹೊಳವಾಗುವುದನ್ನೇ ಕಾಯಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಆ ದಿನ ಸಿಗಬೇಕು, ಕೊನೆಗಳು ಔಷಧಿ ಹಿಡಿಯುವಷ್ಟು ಒಣಗಿರಬೇಕು. ತೋಟದ ಯಾವ ಮೂಲೆ ಎಷ್ಟು ಹೊತ್ತು ಒದ್ದೆಯಾಗಿತ್ತು, ಯಾವ ಮೂಲೆ ಮೊದಲು ಒಣಗುತ್ತದೆ ಎಂಬುದನ್ನು ಅಂದಾಜಿನ ಬದಲು ಅಂಕಿಯಲ್ಲಿ ತಿಳಿಯಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು.

ಸಾಧನದ ಗುಣವನ್ನು ಹೇಳುವ ಮೊದಲು ಅದು ಬೆಳೆದು ಬಂದ ದಾರಿಯನ್ನು ಹೇಳಬೇಕು, ಏಕೆಂದರೆ ಇದರಲ್ಲಿ ನನಗೆ ಮೆಚ್ಚುಗೆಯಾದ ಬಹುತೇಕ ಗುಣಗಳು ಆ ದಾರಿಯಲ್ಲೇ ಬಂದು ಸೇರಿದವು ಎಂಬುದು ಬಳಸುತ್ತ ಬಳಸುತ್ತ ನನಗೆ ಸ್ಪಷ್ಟವಾಯಿತು. ಸರಗೋಸಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ ಅಲಿಸಿಯಾ ಅಸಿನ್ ಮತ್ತು ದಾವಿದ್ ಗಾಸ್ಕೊನ್ ಎಂಬ ಇಬ್ಬರು 2006ರಲ್ಲಿ ಲಿಬೆಲಿಯಮ್ ಕಂಪನಿಯನ್ನು ಕಟ್ಟಿದರು. 2009ರಲ್ಲಿ ವಾಸ್ಪ್‌ಮೋಟ್ ಹೊರಬಂತು. ಅದರ ಮರುವರ್ಷ, 2010ರಲ್ಲಿ, ಸ್ಪೇನಿನ ಉತ್ತರ ಕರಾವಳಿಯ ಸಾಂತಾಂದೆರ್ ನಗರದಲ್ಲಿ ಸ್ಮಾರ್ಟ್‌ಸಾಂತಾಂದೆರ್ ಎಂಬ ಐರೋಪ್ಯ ಸಂಶೋಧನಾ ಯೋಜನೆ ಪ್ರಾರಂಭವಾಯಿತು. ಸಾಂತಾಂದೆರ್ ನಮ್ಮ ಶಿವಮೊಗ್ಗಕ್ಕಿಂತ ಚಿಕ್ಕ ಊರು. ಅದರ ಜನಸಂಖ್ಯೆ ಒಂದು ಮುಕ್ಕಾಲು ಲಕ್ಷದ ಆಸುಪಾಸು. ಟೆಲಿಫೋನಿಕಾ ಎಂಬ ದೊಡ್ಡ ದೂರಸಂಪರ್ಕ ಕಂಪನಿಯ ಸಂಶೋಧನಾ ವಿಭಾಗ, ಅಲ್ಲಿಯ ಕಾಂತಾಬ್ರಿಯಾ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಸರ್ರೆ ಮತ್ತು ಜರ್ಮನಿಯ ಲ್ಯೂಬೆಕ್ ವಿಶ್ವವಿದ್ಯಾಲಯಗಳು ಮುಂತಾದವು ಕೂಡಿ ನಡೆಸಿದ ಈ ಯೋಜನೆಯಲ್ಲಿ ಇಡೀ ನಗರವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿದರು. ದೀಪದ ಕಂಬಗಳ ಮೇಲೆ, ಗೋಡೆಗಳ ಮೇಲೆ, ಉದ್ಯಾನಗಳಲ್ಲಿ, ರಸ್ತೆಯ ಡಾಂಬರಿನ ಕೆಳಗೆ ಸೆನ್ಸರ್‌ಗಳನ್ನು ಇಟ್ಟರು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ವಾಸ್ಪ್‌ಮೋಟ್‌ಗಳಿದ್ದವು. ಡಾಂಬರಿನ ಕೆಳಗೆ ಹೂತಿಟ್ಟವು ಮೇಲೆ ಕಾರು ಬಂದು ನಿಂತಾಗ ಭೂಮಿಯ ಕಾಂತಕ್ಷೇತ್ರದಲ್ಲಾಗುವ ಸಣ್ಣ ವ್ಯತ್ಯಾಸವನ್ನು ಹಿಡಿದು, ಅಲ್ಲಿ ವಾಹನ ನಿಲ್ಲಿಸಲು ಜಾಗ ಇದೆಯೋ ಇಲ್ಲವೋ ಎಂಬುದನ್ನು ರಸ್ತೆ ಕೂಡುವಲ್ಲಿನ ಸೂಚನಾ ಫಲಕಕ್ಕೆ ತಿಳಿಸುತ್ತಿದ್ದವು.

ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಈ ಯೋಜನೆಯ ಒಂದು ಸೂಕ್ಷ್ಮ. ಒಂದೇ ಕಂಬದ ಮೇಲಿನ ಒಂದೇ ಸಾಧನವನ್ನು ಇಬ್ಬರು ಬಳಸಬೇಕಾಗಿತ್ತು. ನಗರಸಭೆಗೆ ದಿನನಿತ್ಯದ ಅಂಕಿ ತಪ್ಪದೆ ಬರಬೇಕು. ಬೇರೆ ದೇಶದಲ್ಲಿ ಕುಳಿತ ಸಂಶೋಧಕನಿಗೆ ಅದೇ ಸಾಧನದ ಮೇಲೆ ತನ್ನ ಹೊಸ ಪ್ರೋಗ್ರಾಮನ್ನು ಹಾಕಿ ಪರೀಕ್ಷಿಸಲು ಬರಬೇಕು. ಒಬ್ಬರ ಕೆಲಸ ಇನ್ನೊಬ್ಬರದನ್ನು ಕೆಡಿಸಬಾರದು. ಅದಕ್ಕಾಗಿ ಅಲ್ಲಿಯ ಸಾಧನಗಳಿಗೆ ಎರಡೆರಡು ರೇಡಿಯೋಗಳನ್ನು ಕೂರಿಸಿದರು. ಡಿಜಿಮೆಶ್ ಎಂಬ ಪದ್ಧತಿಯಲ್ಲಿ ನಡೆಯುವ ಒಂದು ರೇಡಿಯೋ ನಗರದ ಸೇವೆಗೆ ಮತ್ತು ಸಾಧನದ ನಿರ್ವಹಣೆಗೆ. ಇನ್ನೊಂದು ಪ್ರಯೋಗ ಮಾಡುವವರಿಗೆ. ಹೊಸ ಪ್ರೋಗ್ರಾಮನ್ನು ಕಂಬ ಹತ್ತದೆಯೇ ಗಾಳಿಯ ಮೂಲಕ ಕಳಿಸುವ ವ್ಯವಸ್ಥೆಯೂ ಆಯಿತು. ಅಂದರೆ, ಸಾಧನ ಮಾಡಿದವರಿಗೆ ಪರಿಚಯವೇ ಇಲ್ಲದ ಜನರು, ಮಾಡಿದವರನ್ನು ಕೇಳದೆ, ಅವರು ಊಹಿಸದ ಕೆಲಸಕ್ಕೆ ಅದನ್ನು ಬಳಸಬೇಕಾಗಿತ್ತು. ಇಂಥ ಕಡೆ ಕೈಪಿಡಿ ಅರೆಬರೆಯಾಗಿದ್ದರೆ ಮರುದಿನವೇ ಹತ್ತು ಮಂದಿ ಎಂಜಿನಿಯರುಗಳು ಪ್ರಶ್ನೆ ಕೇಳುತ್ತಾರೆ. ಎರಡನೆಯ ರೇಡಿಯೋ ಕೂರಿಸುವ ಜಾಗ ನನ್ನ ತೋಟದ ಫಲಕಗಳಿಗೂ ಇದೆ. ನಾನು ಅದನ್ನು ಖಾಲಿಯಾಗಿಯೇ ಇಟ್ಟಿದ್ದೇನೆ. ಆದರೆ ಅದನ್ನು ನೋಡಿದಾಗಲೆಲ್ಲ ಈ ವಸ್ತು ಹಲವರ ನಡುವೆ ಬೆಳೆದದ್ದೆಂಬುದು ನೆನಪಾಗುತ್ತದೆ.

ಯುರೋಪಿನಲ್ಲಿ ಇಂಥ ಸಣ್ಣ ಕಂಪನಿಗಳಿಗೆ ಸಂಶೋಧನೆಯಲ್ಲಿ ಜಾಗ ಸಿಕ್ಕಿದ್ದು ಆಕಸ್ಮಿಕವಾಗಿ ಅಲ್ಲ. ಸಂಶೋಧನೆಗೆ ಹಣ ಕೊಡಲು ಐರೋಪ್ಯ ಒಕ್ಕೂಟ 2007ರಿಂದ 2013ರವರೆಗೆ ನಡೆಸಿದ ಏಳನೆಯ ಚೌಕಟ್ಟು ಕಾರ್ಯಕ್ರಮದಲ್ಲಿ ಒಂದು ಸಹಯೋಗದ ಯೋಜನೆಗೆ ಹಣ ಸಿಗಬೇಕಾದರೆ ಕನಿಷ್ಠ ಮೂರು ಬೇರೆ ಬೇರೆ ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳು ಜೊತೆಗೂಡಬೇಕೆಂಬ ನಿಯಮವಿತ್ತು. ದೊಡ್ಡ ಕಂಪನಿಯ ಸಂಶೋಧನಾ ಖರ್ಚಿನಲ್ಲಿ ಅರ್ಧವನ್ನು ಮಾತ್ರ ಒಕ್ಕೂಟ ಭರಿಸುತ್ತಿದ್ದರೆ, ವಿಶ್ವವಿದ್ಯಾಲಯಗಳಿಗೂ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೂ ನೂರಕ್ಕೆ ಎಪ್ಪತ್ತೈದರವರೆಗೆ ಕೊಡುತ್ತಿತ್ತು. ನೌಕರರ ಸಂಖ್ಯೆ 250ಕ್ಕಿಂತ ಕಡಿಮೆ ಇರುವುದು ಅಂಥ ಕಂಪನಿಯ ಒಂದು ಲಕ್ಷಣ. ಸಹಯೋಗದ ಭಾಗದ ಹಣದಲ್ಲಿ ಶೇಕಡಾ 15ರಷ್ಟಾದರೂ ಇಂಥವರಿಗೆ ತಲುಪಬೇಕೆಂಬ ಗುರಿಯೂ ಇತ್ತು; 2014ರಿಂದ ನಡೆದ ಮುಂದಿನ ಕಾರ್ಯಕ್ರಮದಲ್ಲಿ ಅದು ಶೇಕಡಾ 20ಕ್ಕೆ ಏರಿತು. ಸಣ್ಣ ಕಂಪನಿ ಈ ಯೋಜನೆಗಳಲ್ಲಿ ಕೆಲವೊಮ್ಮೆ ಪಾಲುದಾರ, ಕೆಲವೊಮ್ಮೆ ಸಾಧನ ಒದಗಿಸುವವನು. ಎರಡರಲ್ಲೂ ಅದರ ಪಾತ್ರ ಒಂದೇ ಬಗೆಯದು: ಪ್ರಾಧ್ಯಾಪಕರ ಲೆಕ್ಕಾಚಾರ ಮತ್ತು ಬೀದಿಯ ಕಂಬದ ನಡುವೆ ಇರುವ, ಮಳೆಗೆ ನೆನೆಯುವ, ಬ್ಯಾಟರಿ ಮುಗಿಯುವ, ಯಾರಾದರೂ ಏಣಿ ಹತ್ತಿ ಸರಿಪಡಿಸಬೇಕಾದ ಆ ಭಾಗವನ್ನು ಹೊರುವುದು. ವಿಶ್ವವಿದ್ಯಾಲಯಗಳಿಗೆ ಅದರ ತಾಳ್ಮೆ ಇರುವುದಿಲ್ಲ. ದೊಡ್ಡ ಕಂಪನಿಗಳಿಗೆ ಅದು ಲಾಭದ ಬಾಬ್ತಾಗಿ ಕಾಣುವುದಿಲ್ಲ. ಇದು ನನ್ನ ಅಭಿಪ್ರಾಯ, ಆದರೆ ವಸ್ತುವನ್ನು ಕೈಯಲ್ಲಿ ಹಿಡಿದು ಬಂದ ಅಭಿಪ್ರಾಯ.

ಈಗ ತೋಟಕ್ಕೆ ಬರೋಣ. ಐದರಲ್ಲಿ ಮೂರು ಫಲಕಗಳು ಮರದ ತಲೆಯ ಹತ್ತಿರ, ಕೊನೆಗಳ ಎತ್ತರದಲ್ಲಿವೆ. ಒಂದು ಕೆಳಗಿನ ಅಗಳದ ಪಕ್ಕದಲ್ಲಿ, ಒಂದು ಅಂಗಳದ ಬಯಲಿನಲ್ಲಿ ಮಳೆಮಾಪಕದೊಂದಿಗೆ ಇದೆ. ಅಂಕಿಗಳನ್ನು ಹಿಡಿಯಲು ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿದ, ಯುಎಸ್‌ಬಿ ಗೇಟ್‌ವೇ ಎಂಬ ಸಣ್ಣ ರೇಡಿಯೋ ಸಾಧನ ಸಾಕಾಯಿತು. ಬರುವ ಸಾಲುಗಳು ಓದಬಲ್ಲ ಅಕ್ಷರಗಳಲ್ಲೇ ಇರುತ್ತವೆ. ಫಲಕದ ಹೆಸರು, ಎಷ್ಟನೆಯ ಸಂದೇಶ ಎಂಬ ಸಂಖ್ಯೆ, ಉಷ್ಣತೆ, ಬ್ಯಾಟರಿ ಶೇಕಡಾ ಎಷ್ಟು ಉಳಿದಿದೆ ಎಂಬುದು, ಒಂದೊಂದರ ನಡುವೆ ಒಂದು ಹ್ಯಾಶ್ ಚಿಹ್ನೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ನಾನು ಕೂಡ ಮೊದಲ ವಾರದಲ್ಲೇ ಈ ಸಾಲುಗಳನ್ನು ನೇರವಾಗಿ ಓದಲು ಕಲಿತೆ. ಇದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಇಂದು ಮಾರುಕಟ್ಟೆಯಲ್ಲಿರುವ ಅನೇಕ ತೋಟದ ಸಾಧನಗಳಲ್ಲಿ ಅಂಕಿಗಳು ನೇರವಾಗಿ ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಮೊಬೈಲಿನ ಚಿತ್ರವಾಗಿ ಮರಳುತ್ತವೆ. ಚಂದಾ ನಿಂತರೆ ಅಂಕಿಗಳೂ ನಿಲ್ಲುತ್ತವೆ. ಆಷಾಢದ ಗಾಳಿಗೆ ಮೂರು ದಿನ ಕರೆಂಟು ಹೋಗಿ, ಮೊಬೈಲ್ ಗೋಪುರದ ಬ್ಯಾಟರಿಯೂ ಇಳಿದು, ಇಡೀ ಸೀಮೆಗೆ ನೆಟ್‌ವರ್ಕ್ ಇಲ್ಲದಾಗಲೂ ನಮ್ಮ ತೋಟದ ಒಳಗಿನ ಈ ಜಾಲ ಕೆಲಸ ಮಾಡುತ್ತಲೇ ಇತ್ತು. ಲ್ಯಾಪ್‌ಟಾಪ್ ಆರಿಹೋದ ಹೊತ್ತಿನಲ್ಲಿ ಅಂಕಿಗಳು ಫಲಕದೊಳಗಿನ ಮೆಮೊರಿ ಕಾರ್ಡಿನಲ್ಲಿ ಉಳಿದಿದ್ದವು.

ಗಾಳಿಯ ಮೂಲಕ ಪ್ರೋಗ್ರಾಮ್ ಬದಲಿಸುವ ಗುಣದ ಬೆಲೆ ನನಗೆ ತಿಳಿದದ್ದು ಮೊದಲ ವರ್ಷದ ಪುನರ್ವಸು ಮಳೆಯಲ್ಲಿ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಅಳೆಯುವಂತೆ ಇಟ್ಟಿದ್ದ ಫಲಕಗಳ ಬ್ಯಾಟರಿ, ಬಿಸಿಲೇ ಇಲ್ಲದ ದಿನಗಳಲ್ಲಿ ದಿನದಿನಕ್ಕೂ ಇಳಿಯುತ್ತಿತ್ತು. ಅರ್ಧ ಗಂಟೆಗೊಮ್ಮೆ ಅಳೆದರೆ ಸಾಕು ಎಂದು ತೀರ್ಮಾನಿಸಿ, ಅಣ್ಣನ ಮಗ ಜಗುಲಿಯ ಮೇಲೆ ಕುಳಿತೇ ಹೊಸ ಪ್ರೋಗ್ರಾಮನ್ನು ಕಳಿಸಿದ. ಅದು ತುಣುಕು ತುಣುಕಾಗಿ ಹೋಗಿ ಮೊದಲು ಮೆಮೊರಿ ಕಾರ್ಡಿನಲ್ಲಿ ಸೇರುತ್ತದೆ. ಪೂರ್ತಿ ಬಂದಿದೆಯೆಂದು ಖಾತ್ರಿಯಾದ ಮೇಲೆ ಅಪ್ಪಣೆ ಕೊಟ್ಟರೆ ಫಲಕ ಅದನ್ನು ತನ್ನೊಳಗೆ ಇಳಿಸಿಕೊಂಡು ಹೊಸದಾಗಿ ಪ್ರಾರಂಭವಾಗುತ್ತದೆ. ಮೂರು ಫಲಕಗಳಿಗೆ ಮೊದಲ ಪ್ರಯತ್ನದಲ್ಲೇ ಆಯಿತು, ಒಂದಕ್ಕೆ ಮೂರು ಸಲ ಕಳಿಸಬೇಕಾಯಿತು. ಇಂಬಳಗಳು ಕಾಲಿಗೆ ಹತ್ತುವ, ಪಾಚಿಗಟ್ಟಿದ ಮರ ಹತ್ತಲು ಯಾರೂ ಒಪ್ಪದ ಆ ದಿನಗಳಲ್ಲಿ ಮರದ ತಲೆಯ ಮೇಲಿರುವ ಸಾಧನದ ಕೆಲಸವನ್ನು ಮನೆಯಿಂದ ಬದಲಿಸಲು ಸಾಧ್ಯವಾದದ್ದು ನನಗೆ ಬಹಳ ದೊಡ್ಡ ಅನುಕೂಲವೆನಿಸಿತು. ಸಾಂತಾಂದೆರಿನ ದೀಪದ ಕಂಬಕ್ಕೆಂದು ಬೆಳೆಸಿದ ವ್ಯವಸ್ಥೆ ಅಡಿಕೆ ಮರಕ್ಕೂ ಸರಿಯಾಗಿ ಒದಗಿತು.

ರೇಡಿಯೋ ವಿಚಾರದಲ್ಲಿ ಕೊಳ್ಳುವವರು ತುಸು ಎಚ್ಚರದಿಂದಿರಬೇಕು. ವಾಸ್ಪ್‌ಮೋಟ್‌ಗೆ ಬೇರೆ ಬೇರೆ ರೇಡಿಯೋಗಳನ್ನು ಕೂರಿಸಬಹುದು. ಯುರೋಪಿನವರಿಗೆ ಮೆಚ್ಚುಗೆಯಾದ 868 ಮೆಗಾಹರ್ಟ್ಸ್ ರೇಡಿಯೋವನ್ನು ಹಾಗೆಯೇ ತಂದು ಇಲ್ಲಿ ಬಳಸುವಂತಿಲ್ಲ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿದ್ದು 865ರಿಂದ 867 ಮೆಗಾಹರ್ಟ್ಸ್. 2021ರ ಕೊನೆಯಲ್ಲಿ ಅದನ್ನು 868ರವರೆಗೆ ವಿಸ್ತರಿಸಿದರು. ಯುರೋಪಿನ ಸಾಧನಗಳು ಹೆಚ್ಚಾಗಿ 868ರಿಂದ ಮೇಲಕ್ಕೆ ಮಾತನಾಡುತ್ತವೆ. ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಮುಟ್ಟುವ ಲೋರಾ ಎಂಬ ರೇಡಿಯೋ ಇರುವ ಮಾದರಿಯಾದರೆ ಅದನ್ನು ಭಾರತದ 865 ಮೆಗಾಹರ್ಟ್ಸ್ ವಾಹಿನಿಗಳಿಗೆ ಹೊಂದಿಸಿಯೇ ಬಳಸಬೇಕು. ನಮ್ಮಲ್ಲಿರುವುದು 2.4 ಗಿಗಾಹರ್ಟ್ಸ್ ರೇಡಿಯೋ. ಅದಕ್ಕೆ ಪರವಾನಗಿಯ ಪ್ರಶ್ನೆ ಇಲ್ಲ, ಆದರೆ ಒದ್ದೆ ಸೋಗೆಗಳ ಪ್ರಶ್ನೆ ಇದೆ. ಅದರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. 865 ಮೆಗಾಹರ್ಟ್ಸಿನ ಅಲೆಯದು ಸುಮಾರು ಮೂವತ್ತೈದು. ಅಲೆ ಗಿಡ್ಡವಾದಷ್ಟೂ ಎಲೆ, ಕಾಂಡ, ನೀರು ಅದನ್ನು ಹೆಚ್ಚು ನುಂಗುತ್ತವೆ. ಬೇಸಿಗೆಯಲ್ಲಿ ತೋಟದ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಮುಟ್ಟುತ್ತಿದ್ದ ಸಂದೇಶ ಆರಿದ್ರಾ ಮಳೆ ಹಿಡಿದ ಮೇಲೆ ಎಪ್ಪತ್ತು ಮೀಟರಿನಲ್ಲಿ ಸೋತುಹೋಗುತ್ತಿತ್ತು. ಡಿಜಿಮೆಶ್ ಪದ್ಧತಿಯಲ್ಲಿ ಪ್ರತಿಯೊಂದು ಫಲಕವೂ ಪಕ್ಕದ್ದರ ಸಂದೇಶವನ್ನು ದಾಟಿಸಬಲ್ಲದು ಮತ್ತು ಎಲ್ಲವೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳಬಲ್ಲವು. ಕೆಲವು ಫಲಕಗಳು ಸದಾ ಎಚ್ಚರವಿರಲೇಬೇಕೆಂಬ ಕಟ್ಟು ಇಲ್ಲ. ಹಾಗಾಗಿ ಫಲಕಗಳ ನಡುವಿನ ಅಂತರವನ್ನು ಕಡಿಮೆ ಮಾಡಿ, ಒಂದರಿಂದ ಒಂದಕ್ಕೆ ದಾಟುವಂತೆ ಜೋಡಿಸಿದಾಗ ಕೊರತೆ ಬಹಳಮಟ್ಟಿಗೆ ತುಂಬಿತು. ಹತ್ತು ಎಕರೆಯ ತೋಟವಿದ್ದವರಿಗೆ ಮಾತ್ರ ನಾನು 2.4 ಗಿಗಾಹರ್ಟ್ಸ್ ಸಲಹೆ ಮಾಡಲಾರೆ.

ವಿದ್ಯುತ್ತಿನ ಮಿತವ್ಯಯ ಚೆನ್ನಾಗಿದೆ. ಮಲಗಿರುವಾಗ ಫಲಕ 100 ಮೈಕ್ರೊ ಆಂಪಿಯರಿಗಿಂತಲೂ ಕಡಿಮೆ ಎಳೆಯುತ್ತದೆ, ಎಚ್ಚರವಾದಾಗ 15 ಮಿಲಿ ಆಂಪಿಯರಿನ ಆಸುಪಾಸು. ರೇಡಿಯೋ ಮತ್ತು ಸೆನ್ಸರ್‌ಗಳ ಖರ್ಚು ಬೇರೆ. ಆದರೆ ತೋಟದ ನೆರಳಿನಲ್ಲಿ, ಅದರಲ್ಲೂ ಜುಲೈ ತಿಂಗಳಲ್ಲಿ, ಸೌರಫಲಕವನ್ನು ನಂಬಿ ಕೂರುವಂತಿಲ್ಲ. ನಾವು ಬೇಸಿಗೆಯ ಕೊನೆಯಲ್ಲಿ 6600 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಗಳನ್ನು ಮನೆಯಲ್ಲೇ ತುಂಬಿಸಿ ಕಟ್ಟುತ್ತೇವೆ. ಅರ್ಧ ಗಂಟೆಗೊಮ್ಮೆ ಅಳೆಯುವ ಲೆಕ್ಕದಲ್ಲಿ ಅವು ದಸರೆಯವರೆಗೂ ಬಂದಿವೆ.

ಮಳೆಮಾಪಕದ ಬಗ್ಗೆ ಸ್ವಲ್ಪ ಹೇಳಬೇಕು. ಅದರೊಳಗೆ ಏತದಂತೆ ಆಚೀಚೆ ವಾಲುವ ಜೋಡಿ ಬಟ್ಟಲಿದೆ. 0.28 ಮಿಲಿಮೀಟರ್ ಮಳೆಗೆ ಒಂದು ಬಟ್ಟಲು ತುಂಬಿ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ, ಫಲಕ ಒಂದೆಂದು ಎಣಿಸುತ್ತದೆ. ನೂರು ಮಿಲಿಮೀಟರ್ ಮಳೆಯ ದಿನ ಸುಮಾರು 357 ಸಲ ಮಗುಚಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಆ ಪುಟ್ಟ ಬಟ್ಟಲಿಗೆ ಬಿಡುವೆಂಬುದಿಲ್ಲ. ರಭಸದ ಮಳೆಯಲ್ಲಿ ಒಂದು ಮಗುಚಿ ಇನ್ನೊಂದು ಬರುವಷ್ಟರಲ್ಲಿ ಬಿದ್ದ ನೀರು ಎಣಿಕೆಗೆ ಸಿಗದೆ ಹೋಗುವುದು ಈ ಬಗೆಯ ಎಲ್ಲ ಮಾಪಕಗಳಿಗೂ ಇರುವ ಮಿತಿ. ಅಪ್ಪನ ಕಾಲದ ಕೈಮಾಪಕವನ್ನು ಪಕ್ಕದಲ್ಲಿಟ್ಟು ದಿನಾ ಬೆಳಗ್ಗೆ ಎಂಟಕ್ಕೆ ಹೋಲಿಸಿದೆ. ಸಾಧಾರಣ ಮಳೆಯ ದಿನ ಎರಡೂ ಹೊಂದುತ್ತಿದ್ದವು. ಜಡಿಮಳೆಯ ದಿನ ಬಟ್ಟಲಿನದು ಹಿಂದೆ ಬೀಳುತ್ತಿತ್ತು. ಆಲಿಕೆಯಲ್ಲಿ ಸೋಗೆಯ ಚೂರು, ಹಿಂಗಾರದ ಹೂ, ಹಸಿರು ಪಾಚಿ ಸೇರಿಕೊಳ್ಳುವುದರಿಂದ ವಾರಕ್ಕೊಮ್ಮೆ ತೊಳೆಯುವುದು ಕಡ್ಡಾಯ. ಒಟ್ಟು ಮಳೆಗೆ ನಾನು ಈಗಲೂ ಕೈಮಾಪಕವನ್ನೇ ನಂಬುತ್ತೇನೆ. ಮಳೆ ಯಾವಾಗ ಹಿಡಿಯಿತು, ಯಾವಾಗ ಬಿಟ್ಟಿತು ಎಂಬುದಕ್ಕೆ ವಾಸ್ಪ್‌ಮೋಟನ್ನು.

ಆದ ತೊಂದರೆಗಳನ್ನೂ ಹೇಳುತ್ತೇನೆ. ಮೊದಲ ವರ್ಷ ಪೆಟ್ಟಿಗೆಗಳನ್ನು ಜೋಡಿಸಿಕೊಟ್ಟ ಸ್ಥಳೀಯ ತಂತ್ರಜ್ಞರೊಬ್ಬರು ಕೇಬಲ್ ಒಳಹೋಗುವ ತೂತನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿ ಮಾಡಿದ್ದರು. ಕೇಬಲ್ ಗುಂಟ ಇಳಿದ ನೀರು ಮೃಗಶಿರಾ ಮಳೆಯಲ್ಲೇ ಎರಡು ಫಲಕಗಳನ್ನು ತೋಯಿಸಿತು. ಒಂದನ್ನು ಅಕ್ಕಿ ಡಬ್ಬದಲ್ಲಿಟ್ಟು, ಆಮೇಲೆ ಅಡಿಕೆ ಒಣಗಿಸುವ ಅಟ್ಟದ ಬೆಚ್ಚಗೆಯಲ್ಲಿ ಎರಡು ದಿನ ಬಿಟ್ಟು ಉಳಿಸಿಕೊಂಡೆವು. ಇನ್ನೊಂದರ ಸೆನ್ಸರ್ ಫಲಕ ಹೋಯಿತು. ಕೇಬಲ್ ಯಾವಾಗಲೂ ಕೆಳಗಿನಿಂದಲೇ ಒಳಹೋಗಬೇಕು, ಹೋಗುವ ಮುನ್ನ ಒಂದು ಬಳುಕು ಕೊಟ್ಟಿರಬೇಕು. ನೀರು ಆ ಬಳುಕಿನ ತುದಿಯಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಎರಡನೆಯ ವರ್ಷ ಇರುವೆಗಳು ಪೆಟ್ಟಿಗೆಯೊಳಗೆ ಗೂಡು ಮಾಡಿದವು. ಮರಕ್ಕೆ ಕಟ್ಟಿದ ಹಗ್ಗಕ್ಕೆ ಗ್ರೀಸ್ ಸವರಿದ ಮೇಲೆ ಅದು ನಿಂತಿತು.

ಈ ವಿಮರ್ಶೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಎಲೆಯ ತೇವ ಅಳೆಯುವ ಸೆನ್ಸರ್ ಕುರಿತದ್ದು. ಅದು ಎಲೆಯಷ್ಟೇ ತೆಳುವಾದ ಹಲಗೆ. ಅದರ ಮೇಲೆ ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಹೆಣೆದಂತೆ ಲೋಹದ ಗೆರೆಗಳಿವೆ. ನೀರು ಬಿದ್ದಾಗ ಗೆರೆಗಳ ನಡುವಿನ ವಿದ್ಯುತ್ ತಡೆ ಇಳಿಯುತ್ತದೆ, ಒಣಗಿದಾಗ ಏರುತ್ತದೆ. ಮೊದಲ ವರ್ಷ ಪುಷ್ಯ ಮಳೆ ಹೊಳವಾದ ಒಂದು ಬೆಳಗ್ಗೆ ಮೂರು ಮರಗಳ ಸೆನ್ಸರ್‌ಗಳೂ ಹತ್ತು ಗಂಟೆಗೆ ಒಣಗಿದವೆಂದು ತೋರಿಸಿದವು. ಔಷಧಿ ಹೊಡೆಯಲು ಶುರು ಮಾಡಬಹುದೆಂದು ನಾನು ಕೊನೆಗಾರನಿಗೆ ಹೇಳಿದೆ. ಆತ ಮರ ಹತ್ತಿ, ಕೊನೆಯ ಎಸಳುಗಳ ಸಂದಿಗೆ ಬೆರಳು ತೂರಿಸಿ, ಒದ್ದೆಯಾದ ಬೆರಳನ್ನು ನನಗೆ ಕಾಣುವಂತೆ ಹಿಡಿದು ಮೇಲಿನಿಂದಲೇ ಹೇಳಿದ: "ಗೌಡ್ರೇ, ಮೇಲೆ ಒಣಗಿದ್ರೆ ಆಗ್ಲಿಲ್ಲ, ಕೊನೆ ಒಳಗೆ ಇನ್ನೂ ನೀರು ನಿಂತದೆ. ಮಧ್ಯಾಹ್ನದ ಮೇಲೆ ನೋಡನ." ಆತ ಹೇಳಿದ್ದು ಸರಿಯಾಗಿತ್ತು. ಗಾಳಿಗೆ ಮೈಯೊಡ್ಡಿದ ಹಲಗೆ ಬೇಗ ಒಣಗುತ್ತದೆ. ಒತ್ತೊತ್ತಾಗಿ ಕೂತ ಎಳೆಗಾಯಿಗಳ ತೊಟ್ಟಿನ ಸಂದಿಯಲ್ಲಿ ನೀರು ಗಂಟೆಗಟ್ಟಲೆ ನಿಲ್ಲುತ್ತದೆ, ಮತ್ತು ರೋಗ ಹಿಡಿಯುವುದು ಅಲ್ಲಿಯೇ. ಮರುವರ್ಷ ಒಂದು ಸೆನ್ಸರನ್ನು ಕೊನೆಯ ಒಳಮಗ್ಗುಲಿಗೆ ಸಿಕ್ಕಿಸಿ ಕಟ್ಟಿದೆವು. ಬಯಲಿನ ಹಲಗೆ ಒಣಗಿದೆಯೆಂದ ಮೇಲೆ ಒಳಗಿನದು ಒಣಗಲು ಕೆಲವು ದಿನ ಎರಡು ಗಂಟೆ, ಕೆಲವು ದಿನ ಐದು ಗಂಟೆ ತೆಗೆದುಕೊಂಡಿತು. ಮೋಡದ ದಿನ ಸಂಜೆಯವರೆಗೂ ಒಣಗಲೇ ಇಲ್ಲ. ಅಗಳದ ಪಕ್ಕದ ಮರಗಳು ಯಾವಾಗಲೂ ತಡವಾಗಿ ಒಣಗುತ್ತವೆ. ಆ ವರ್ಷ ಎರಡನೆಯ ಔಷಧಿಯನ್ನು ತೋಟದ ಮೇಲ್ಭಾಗದಿಂದ ಪ್ರಾರಂಭಿಸಿ ಅಗಳದ ಸಾಲನ್ನು ಕೊನೆಗೆ ಹೊಡೆಸಿದೆವು.

ಸಾಧನ ಸುಳ್ಳು ಹೇಳಿರಲಿಲ್ಲ. ಅದನ್ನು ಎಲ್ಲಿ ಕಟ್ಟಬೇಕೆಂಬ ತಿಳಿವಳಿಕೆ ಅದರೊಳಗೆ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಯುರೋಪಿನ ಯೋಜನೆಗಳಲ್ಲಿ ಆ ತಿಳಿವಳಿಕೆಯನ್ನು ತರುವವರು ಬೇರೆಯೇ ಇರುತ್ತಾರೆ. ಸ್ಪೇನಿನ ಸಾಲಮಾಂಕಾ ನಗರದಲ್ಲಿ ರೆಸ್ಕಟಾಮೆ ಎಂಬ ಯೋಜನೆಯಡಿ 35 ವಾಸ್ಪ್‌ಮೋಟ್‌ಗಳಿಂದ ಬೀದಿಯ ಗಾಳಿಯ ಮಾಲಿನ್ಯವನ್ನು ಅಳೆದಾಗಲೂ, ಆ ಅಂಕಿಗಳಿಂದ ವಾಹನ ಸಂಚಾರದ ಮುನ್ಸೂಚನೆ ಮಾಡುವ ಲೆಕ್ಕಾಚಾರ ಸಾಧನದ ಹೊರಗೇ ನಡೆಯಿತು. ನಮ್ಮ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಬೇಕಾದವರು ಇಲ್ಲವೆಂದಲ್ಲ. ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಅಡಿಕೆ ಬೆಳೆಗಾರರ ಸಹಕಾರ ಸಂಘಗಳಿವೆ, ಕೊನೆಯೊಳಗೆ ಬೆರಳಿಟ್ಟು ಹೇಳಬಲ್ಲ ಕೊನೆಗಾರರಿದ್ದಾರೆ. ಕೊಳೆರೋಗದ ಮೇಲೆ ಮೈಸೂರು ಸಂಸ್ಥಾನದಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1910ರಲ್ಲೇ ಸವಿಸ್ತಾರವಾದ ವರದಿ ಪ್ರಕಟಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ನಮ್ಮ ಕೊನೆಗಳಿಗೆ ಹೊಡೆಯಬಹುದೆಂದು ತೋರಿಸಿದ್ದರು. ಈಗ ಎಲೆಚುಕ್ಕಿ ರೋಗವೂ ತೀರ್ಥಹಳ್ಳಿ, ಹೊಸನಗರ ಸೀಮೆಗಳನ್ನು ಕಾಡುತ್ತಿದೆ. ಅದಕ್ಕೂ ಎಲೆಯ ತೇವಕ್ಕೂ ನಂಟಿದೆ. ಎಷ್ಟು ಗಂಟೆ ಒದ್ದೆಯಾಗಿದ್ದರೆ, ಎಷ್ಟು ಉಷ್ಣತೆಯಲ್ಲಿ, ಯಾವ ತಳಿಗೆ ಎಷ್ಟು ಅಪಾಯ ಎಂಬ ಕೋಷ್ಟಕವನ್ನು ಹತ್ತಾರು ತೋಟಗಳ ಅಂಕಿಗಳನ್ನು ಕೂಡಿಸಿ ಸಿದ್ಧಪಡಿಸುವವರು ಮುಂದೆ ಬಂದರೆ ನನ್ನ ಎರಡು ವರ್ಷಗಳ ಅಂಕಿಗಳನ್ನು ಸಂತೋಷದಿಂದ ಕೊಡುತ್ತೇನೆ.

ಯಾರು ಕೊಳ್ಳಬಹುದು ಎಂದರೆ, ಮನೆಯಲ್ಲಿ ಪ್ರೋಗ್ರಾಮಿಂಗ್ ಬಲ್ಲ ಮಕ್ಕಳಿರುವವರು, ಅಥವಾ ನಾಲ್ಕೈದು ಮನೆಗಳು ಸೇರಿ ಅಂಥ ಒಬ್ಬರನ್ನು ಜೊತೆಗಿಟ್ಟುಕೊಳ್ಳಬಲ್ಲವರು ಧೈರ್ಯವಾಗಿ ಕೊಳ್ಳಬಹುದು. ಇದರ ಪ್ರೋಗ್ರಾಮಿಂಗ್ ಪರಿಸರ, ಕಲಿಯುವವರು ಹೆಚ್ಚಾಗಿ ಬಳಸುವ ಆರ್ಡುಯಿನೋ ಎಂಬ ಫಲಕದ ಪ್ರೋಗ್ರಾಮಿಂಗ್ ಪರಿಸರದಿಂದ ಬೆಳೆದದ್ದಾದ್ದರಿಂದ ಕಾಲೇಜಿನ ಹುಡುಗರಿಗೆ ಕಷ್ಟವಾಗುವುದಿಲ್ಲ; ಕೈಪಿಡಿಗಳೂ ಪ್ರೋಗ್ರಾಮಿನ ಮೂಲವೂ ಮುಕ್ತವಾಗಿ ದೊರೆಯುತ್ತವೆ. ಪೆಟ್ಟಿಗೆ ತಂದು ಗುಂಡಿ ಒತ್ತಿದರೆ ಎಲ್ಲವೂ ಆಗಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ. ಹಳೆಯ ಮಾದರಿಯ 8 ಕಿಲೋಬೈಟ್ ಮೆಮೊರಿಯಲ್ಲಿ ದೊಡ್ಡ ಲೆಕ್ಕಗಳನ್ನು ಮಾಡಿಸಲಾಗದು. ಅಳೆದು ಕಳಿಸುವುದಷ್ಟೇ ಅದರ ಕೆಲಸ, ಆ ಕೆಲಸವನ್ನು ಅದು ನಿಷ್ಠೆಯಿಂದ ಮಾಡುತ್ತದೆ.

ಮೂರನೆಯ ಮಳೆಗಾಲಕ್ಕೆ ತಯಾರಿ ಪ್ರಾರಂಭವಾಗಿದೆ. ಈ ಸಲ ಮೂರೂ ಮರಗಳಲ್ಲಿ ಜೋಡಿ ಸೆನ್ಸರ್ ಕಟ್ಟಿಸುತ್ತಿದ್ದೇವೆ, ಒಂದು ಗಾಳಿಗೆ, ಒಂದು ಕೊನೆಯ ಒಳಗೆ. ಎಲ್ಲಿ ಸಿಕ್ಕಿಸಬೇಕೆಂಬುದನ್ನು ಕೊನೆಗಾರನೇ ನಿರ್ಧರಿಸುತ್ತಾನೆ. ಮೊದಲ ಔಷಧಿಗೆ ಮರ ಹತ್ತಿದಾಗಲೇ ಎರಡು ಮರಗಳಿಗೆ ಕಟ್ಟಿ ಇಳಿದಿದ್ದಾನೆ. ಅಗಳದ ಪಕ್ಕದ ಮರಕ್ಕೆ ಮಾತ್ರ, ಕೊನೆ ಇನ್ನೂ ಎಳೆಯದಿದೆ, ಹದಿನೈದು ದಿನ ಬಿಟ್ಟು ಕಟ್ಟೋಣ ಎಂದು ಹೇಳಿ ಸೆನ್ಸರನ್ನು ಜಗುಲಿಯ ಗೂಟಕ್ಕೆ ನೇತುಹಾಕಿ ಹೋಗಿದ್ದಾನೆ.